ಆರಬೇಕಾದ ದೀಪ

ದೀಪವೆಂದರೆ ನಮ್ಮವರ ಮನಸ್ಸಿನಲ್ಲಿ ಉರಿಯುತ್ತಿರಬೇಕಾದ ವಸ್ತು. ಅದು ಆರುವ ಮಾತನ್ನು ಬಾಯಿಬಿಟ್ಟು ಆಡುವುದಕ್ಕೂ ಹಿಂದಿನವರು ಅಂಜುತ್ತಿದ್ದರು. ರಾತ್ರಿ ಮಲಗುವ ಹೊತ್ತಿಗೆ ಯಾರಾದರೂ "ದೀಪ ಆರಿಸಲೇ?" ಎಂದರೆ ನಮ್ಮ ಅಜ್ಜಿ ಗದರಿಕೊಂಡು, "ದೊಡ್ಡದು ಮಾಡಲೇ ಅನ್ನು" ಎಂದು ತಿದ್ದುತ್ತಿದ್ದರು. ಡಬ್ಬದಲ್ಲಿ ಅಕ್ಕಿ ತೀರಿದರೆ 'ಹೆಚ್ಚಿದೆ'. ಕೈಯ ಬಳೆ ಒಡೆದರೆ 'ಹೆಚ್ಚಿತು'. ಇಲ್ಲದ್ದನ್ನು ಇದೆಯೆಂಬ ಮಾತಿನಿಂದ ಮುಚ್ಚುವ ಈ ಸೌಜನ್ಯ ಭಯದಿಂದ ಹುಟ್ಟಿತೋ ವಾತ್ಸಲ್ಯದಿಂದ ಹುಟ್ಟಿತೋ, ಭಾಷಾಶಾಸ್ತ್ರಜ್ಞರು ತೀರ್ಮಾನಿಸಲಿ. ನಾನಂತೂ ವರ್ಷಕ್ಕೊಮ್ಮೆ ಬಿ.ಎ. ತರಗತಿಯಲ್ಲಿ ಇದನ್ನು ಒಂದು ಗಂಟೆ ಪಾಠ ಹೇಳಿ, ಹುಡುಗರ ಆಕಳಿಕೆಗೆ ಪಾತ್ರನಾಗಿ, ಸಂಬಳ ತೆಗೆದುಕೊಳ್ಳುತ್ತೇನೆ.

ಇಂಥ ಮನೆಯಲ್ಲಿ ಬೆಳೆದವನಿಗೆ ಮೋಟಾರು ಕಾರಿನ ಮುಂದಿನ ಹಲಗೆಯ ರೀತಿನೀತಿ ತೀರ ವಿಪರೀತವಾಗಿ ಕಾಣುತ್ತದೆ. ಅಲ್ಲಿ ದೀಪ ಹತ್ತುವುದು ಅಶುಭ, ಆರುವುದು ಶುಭ. ಕೀಲಿ ತಿರುಗಿಸಿದೊಡನೆ ದೀಪಾವಳಿಯಂತೆ ಎಲ್ಲವೂ ಒಮ್ಮೆ ಬೆಳಗುತ್ತವೆ. ಎಣ್ಣೆಯದು, ಬ್ಯಾಟರಿಯದು, ಬ್ರೇಕಿನದು. ಆಮೇಲೆ ಒಂದೊಂದಾಗಿ ಕಣ್ಣು ಮುಚ್ಚಿಕೊಳ್ಳುತ್ತವೆ. ಎಲ್ಲ ಆರಿದ ಮೇಲೆ ಹೊರಡಬಹುದು. ಅವುಗಳಲ್ಲಿ ಒಂದು ಕೆಂಪು ದೀಪವುಂಟು: ಕುಳಿತ ಮನುಷ್ಯನೊಬ್ಬನ ಚಿತ್ರ, ಅವನ ಎದೆಯ ಮುಂದೆ ಒಂದು ಗುಂಡು. ಕುಂಬಳಕಾಯಿ ಹೊತ್ತು ಬಸ್ಸಿಗೆ ಕಾದು ಕುಳಿತವನಂತೆ ಕಾಣುವ ಈ ಆಸಾಮಿ ಸುಮಾರು ಆರು ಸೆಕೆಂಡು ಮುಖ ತೋರಿಸಿ ಮರೆಯಾಗಬೇಕು. ಮರೆಯಾದರೆ, ಏರ್‌ಬ್ಯಾಗಿನ ವ್ಯವಸ್ಥೆಯೆಲ್ಲ ತನ್ನನ್ನು ತಾನು ಪರೀಕ್ಷಿಸಿಕೊಂಡು ಸರಿಯಿದೆಯೆಂದು ತಿಳಿದಿದೆ ಎಂದರ್ಥ. ಕಳೆದ ಬೇಸಿಗೆಯಲ್ಲಿ ನಮ್ಮ ಕಾರಿನ ಈ ಆಸಾಮಿ ಮರೆಯಾಗಲಿಲ್ಲ.

ಅದನ್ನು ಮೊದಲು ಕಂಡವರು ನಮ್ಮ ಅಮ್ಮ. ಅವರ ಕಣ್ಣು ಹೋಗುತ್ತಿರುವುದೇ ಇದಕ್ಕೆ ಕಾರಣವೆಂದರೆ ನೀವು ನಗಬಾರದು. ಅಮ್ಮನಿಗೆ ಎಪ್ಪತ್ತೆಂಟು. ಅಕ್ಷಿಪಟಲದ ನಡುಭಾಗ ಸವೆಯುವ ಬೇನೆ. ಎದುರಿಗೆ ನಿಂತವರ ಮುಖ ಹೊಗೆಯಾಗಿ ಕಾಣುತ್ತದೆ, ಅಂಚಿನ ನೋಟ ಮಾತ್ರ ಚುರುಕಾಗಿ ಉಳಿದಿದೆ. ತಿಂಗಳಿಗೊಮ್ಮೆ ಕಣ್ಣಿಗೆ ಚುಚ್ಚುಮದ್ದು ಹಾಕಿಸಲು ಹಾಸನದಿಂದ ಮೈಸೂರಿಗೆ ಅವರನ್ನು ಕರೆದೊಯ್ಯಬೇಕು. ಹೊಳೆನರಸೀಪುರ, ಭೇರ್ಯ, ಕೃಷ್ಣರಾಜನಗರ. ಹೋಗಿ ಬಂದರೆ ದಿನವೇ ಮುಗಿಯುತ್ತದೆ. ಅಮ್ಮ ನನ್ನ ಪಕ್ಕದಲ್ಲಿ, ಮುಂದಿನ ಸೀಟಿನಲ್ಲೇ ಕೂರಬೇಕು. ಮಂಡಿ ಬಗ್ಗುವುದಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಬಹಳ ದಿನ ಹೇಳಿರಲಿಲ್ಲ; ಅದು ಆಮೇಲೆ ತಿಳಿಯಿತು. ಆ ದಿನ ಹೇಮಾವತಿಯ ಸೇತುವೆ ದಾಟುವಾಗ, ನೇರ ರಸ್ತೆಯನ್ನೇ ನೋಡುತ್ತ, "ಅಲ್ಲೇನೋ ಕೆಂಪಗೆ ಇದೆಯಲ್ಲೋ, ಮುಂಚೆ ಇರಲಿಲ್ಲ" ಎಂದರು.

ಏನೆಂದು ಹೇಳಲಿ? ಏರ್‌ಬ್ಯಾಗನ್ನು ಅಮ್ಮನಿಗೆ ವಿವರಿಸಲು 'ಗಾಳಿಚೀಲ' ಎಂದೆ. 'ವಾಯುಕೋಶ' ಎಂದಿದ್ದರೆ ಪಂಡಿತನಾಗುತ್ತಿದ್ದೆ, ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ 'ಗಾಳಿ'ಗೆ ಇನ್ನೊಂದು ಅರ್ಥವುಂಟಲ್ಲ. "ಹಾಗಾದರೆ ಕಾರಿಗೆ ಗಾಳಿ ಸೋಕಿದೆ ಅನ್ನು" ಎಂದು ಅಮ್ಮ ಹಗುರವಾಗಿ ಹೇಳಿ ಸೆರಗು ಹೊದ್ದುಕೊಂಡರು. ತಮಾಷೆಗೆ ಹೇಳಿದ ಆ ಮಾತು ಕೊನೆಯವರೆಗೂ ನಿಜದ ಬಳಿಯಲ್ಲೇ ಸುಳಿದಾಡುತ್ತಿತ್ತು. ಏಕೆಂದರೆ ದೀಪದ ಚೇಷ್ಟೆ ವಿಚಿತ್ರವಾಗಿತ್ತು. ಅಮ್ಮ ಕುಳಿತರೆ ಹತ್ತುವುದು. ನಮ್ಮ ಮನೆಯಾಕೆ ಕುಳಿತು ಒಂದೆರಡು ಸಲ ಓಡಾಡಿದರೆ ಆರುವುದು. ಬರಿಯ ಸೀಟಿನಲ್ಲಿ ಒಂದು ದಿನ ಹತ್ತಿ ಒಂದು ದಿನ ಆರುವುದು. ಹತ್ತು ದಿನವಾದ ಮೇಲೆ ಹತ್ತಿದ್ದು ಹತ್ತಿಯೇ ಉಳಿಯಿತು.

ಮುಂದೆ ಹೋಗುವ ಮುನ್ನ ಈ ಚೀಲದ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಅದನ್ನು ಓದಿದ ಮೇಲೆ ನನಗೆ ಅದರಲ್ಲಿ ಒಂದು ಬಗೆಯ ಗೌರವ ಹುಟ್ಟಿತು. 1952ರ ವಸಂತದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜಾನ್ ಹೆಟ್ರಿಕ್ ಎಂಬಾತ ಭಾನುವಾರದ ವಿಹಾರಕ್ಕೆಂದು ಹೆಂಡತಿ ಮಗಳೊಡನೆ ಕಾರಿನಲ್ಲಿ ಹೊರಟಿದ್ದ. ದಾರಿಗಡ್ಡ ಬಂಡೆ ಕಂಡಿತು, ಬ್ರೇಕು ಒತ್ತಿ ಪಕ್ಕಕ್ಕೆ ತಿರುಗಿಸಿದ, ಕಾರು ಚರಂಡಿಗಿಳಿಯಿತು. ಆ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರೂ, ಯಾರೂ ಹೇಳದೆ, ನಡುವೆ ಕುಳಿತಿದ್ದ ಏಳು ವರ್ಷದ ಮಗಳ ಮುಂದೆ ತಮ್ಮ ಕೈ ಅಡ್ಡ ಹಿಡಿದರು. ಮಗುವಿಗೇನೂ ಆಗಲಿಲ್ಲ. ಮನೆಗೆ ಬಂದ ಮೇಲೆ ಹೆಟ್ರಿಕ್ಕನಿಗೆ ಆ ಕೈಯದೇ ಯೋಚನೆ. ಯುದ್ಧಕಾಲದಲ್ಲಿ ಅವನು ನೌಕಾಪಡೆಯಲ್ಲಿದ್ದವನು. ಟಾರ್ಪಿಡೊ ಒಂದನ್ನು ದುರಸ್ತು ಮಾಡುವಾಗ ಒತ್ತಿಟ್ಟ ಗಾಳಿ ತಟ್ಟನೆ ಬಿಡುಗಡೆಯಾಗಿ, ಮೇಲೆ ಹೊದಿಸಿದ್ದ ಕ್ಯಾನ್‌ವಾಸು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಹಾರಿದ್ದನ್ನು ಕಂಡಿದ್ದ. ಕೈಯನ್ನೂ ಕ್ಯಾನ್‌ವಾಸನ್ನೂ ಕೂಡಿಸಿದ. 1953ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು. ಕಾರಿನ ಕಂಪನಿಗಳು ಮಾತ್ರ ಸಿಗಲಿಲ್ಲ. ಜರ್ಮನಿಯಲ್ಲಿ ವಾಲ್ಟರ್ ಲಿಂಡರರ್ ಎಂಬಾತನೂ ಅದೇ ಕಾಲಕ್ಕೆ ಇಂಥದೇ ಚೀಲವನ್ನು ಯೋಚಿಸಿದ್ದ. ಚೀಲ ಪೇಟೆಗೆ ಬರುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು. ಜಗತ್ತಿನ ಎಷ್ಟೋ ಒಳ್ಳೆಯ ಯೋಚನೆಗಳ ಜಾತಕ ಹೀಗೆಯೇ.

ಆ ಕೈ ನಮಗೆ ಹೊಸದಲ್ಲ. ಬಸ್ಸು ಗಕ್ಕನೆ ನಿಂತಾಗ ತೊಡೆಯ ಮೇಲಿನ ಮಗುವನ್ನಲ್ಲದೆ, ಪಕ್ಕದಲ್ಲಿ ಕುಳಿತ ಯಾರದೋ ಮಗುವನ್ನೂ ತಡೆದು ಹಿಡಿಯುವ ಹೆಂಗಸರನ್ನು ನೀವೂ ನೋಡಿದ್ದೀರಿ. ಆದರೆ ಕೈಗೂ ಚೀಲಕ್ಕೂ ಒಂದು ಅಂತರವಿದೆ. ಕೈಗೆ ಎದುರಿಗಿರುವುದು ಯಾರೆಂದು ಗೊತ್ತು, ಚೀಲಕ್ಕೆ ಗೊತ್ತಿಲ್ಲ. ಅದಕ್ಕಿರುವ ಸಮಯವಾದರೂ ಎಷ್ಟು? ಡಿಕ್ಕಿಯಾದದ್ದನ್ನು ತಿಳಿದು, ಸಿಡಿಮದ್ದಿನಂಥ ರಾಸಾಯನಿಕವೊಂದನ್ನು ಹೊತ್ತಿಸಿ, ಅದರ ಅನಿಲದಿಂದ ತುಂಬಿಕೊಂಡು, ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಗೆ ಬರುವುದೆಲ್ಲ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಲ್ಲಿ ಮುಗಿಯಬೇಕು. ನಾವು ರೆಪ್ಪೆ ಬಡಿಯುವುದು ಇದಕ್ಕಿಂತ ನಿಧಾನ. ಹೀಗೆ ಬರುವ ವಸ್ತು ಬೆಳೆದ ಗಂಡಸಿನ ಎದೆಗೆ ಆಸರೆ. ಹಲಗೆಗೆ ಒತ್ತಿ ಕುಳಿತ ಮಗುವಿಗೆ, ಎಲುಬು ಸವೆದ ಮುದುಕಿಗೆ ಏಟು. ಅಮೆರಿಕದಲ್ಲಿ 1990ರಿಂದ 2000ದವರೆಗೆ ಚೀಲದ ಏಟಿನಿಂದಲೇ ಸತ್ತವರು 175 ಜನ ಎಂದು ಅಲ್ಲಿನ ಸರ್ಕಾರದ ಸಂಸ್ಥೆಯೇ ಲೆಕ್ಕ ಹಾಕಿತು. ಅವರಲ್ಲಿ 104 ಮಂದಿ ಮಕ್ಕಳು. ಚೀಲದಿಂದ ಬದುಕಿದವರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ನಿಜ. ಆದರೆ ಕಾಪಾಡಲು ಬಂದ ಕೈಯೇ ಮಗುವನ್ನು ಕೊಂದಿತೆಂಬ ಮಾತನ್ನು ಯಾವ ಲೆಕ್ಕದಿಂದ ಸರಿದೂಗಿಸುವುದು? ಆಗ ಹುಟ್ಟಿದ ನಿಯಮವೇ, ಸೀಟು ತನ್ನ ಮೇಲೆ ಕುಳಿತವರನ್ನು ಅರಿಯಬೇಕೆಂಬುದು. ಪರೀಕ್ಷೆಗೆ ಬೊಂಬೆಗಳನ್ನು ಗೊತ್ತುಮಾಡಿದರು: ಒಂದು ವರ್ಷದ ಕೂಸು, ಮೂರು ವರ್ಷದ್ದು, ಆರು ವರ್ಷದ್ದು, ಮತ್ತು ಒಬ್ಬ ಸಣ್ಣ ಮೈಯ ಹೆಂಗಸು. ಆ ಹೆಂಗಸಿನ ತೂಕ 49 ಕಿಲೋ.

ನಮ್ಮ ಅಮ್ಮನ ತೂಕ 41. ಅಮೆರಿಕದ ಸೀಟು ಅವರನ್ನು ಯಾವ ತರಗತಿಗೆ ಸೇರಿಸೀತೋ ಎಂದು ಯೋಚಿಸಿ ನಾನೂ ಒಮ್ಮೆ ನಕ್ಕದ್ದುಂಟು.

ನಮ್ಮ ಕಾರಿನ ಸೀಟು ಅಷ್ಟು ಓದಿದ್ದಲ್ಲ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಚೀಲವೂ, ಮುಂದೆ ಕೂರುವ ಇಬ್ಬರಿಗೂ ಪಟ್ಟಿಯನ್ನು ನೆನಪಿಸುವ ಗಂಟೆಯೂ ಕಡ್ಡಾಯವಾದವು. ಪಕ್ಕದವರ ಚೀಲ ಕಡ್ಡಾಯವಾದದ್ದು 2021ರಲ್ಲಿ. ಆ ಗಂಟೆಗೆ ಪಕ್ಕದಲ್ಲಿ ಯಾರಾದರೂ ಇದ್ದಾರೆಯೆ ಎಂದು ತಿಳಿಸುವುದಕ್ಕೆ ಸೀಟಿನ ದಿಂಬಿನೊಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿರುತ್ತಾರೆ. ಅದರ ಮೇಲೆ ವಿದ್ಯುತ್ತಿನ ಗೆರೆಗಳನ್ನು ಅಚ್ಚು ಹಾಕಿರುತ್ತದೆ, ನಡುನಡುವೆ ಬಿಲ್ಲೆಗಳು. ಯಾರಾದರೂ ಕುಳಿತು ಭಾರ ಬಿದ್ದರೆ ಬಿಲ್ಲೆಯ ವಿದ್ಯುತ್ ತಡೆ ಇಳಿಯುತ್ತದೆ, ಎದ್ದರೆ ಏರುತ್ತದೆ. ನಮ್ಮ ಕಾರಿನಲ್ಲಿ ಈ ಹಾಳೆಯ ವರದಿ ಹೋಗುವುದು ಚೀಲವನ್ನು ಆಳುವ ಪೆಟ್ಟಿಗೆಗೇ. ಹಾಳೆಯಿಂದ 'ಇದ್ದಾರೆ' ಎಂದು ಬಂದರೂ ಪೆಟ್ಟಿಗೆಗೆ ಸಮಾಧಾನ, 'ಇಲ್ಲ' ಎಂದು ಬಂದರೂ ಸಮಾಧಾನ. ಎರಡೂ ಅಲ್ಲದ, ಗೆರೆ ಕಡಿದ ಮೌನ ಬಂದರೆ ಮಾತ್ರ ಕೆಂಪು ದೀಪ ಹಚ್ಚುತ್ತದೆ. ಅಂದರೆ ಆ ದೀಪ ಹೇಳುತ್ತಿದ್ದದ್ದು 'ಅಪಾಯ' ಎಂದಲ್ಲ. 'ನನಗೆ ಗೊತ್ತಿಲ್ಲ' ಎಂದು. ಹಾಗೆ ಹೇಳುತ್ತಿರುವಷ್ಟು ಕಾಲ ಡಿಕ್ಕಿಯಾದರೆ ಚೀಲ ಬಾರದೆಯೂ ಇರಬಹುದೆಂದು ಕಾರಿನ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಅಚ್ಚಾಗಿದೆ.

ಇಪ್ಪತ್ತು ವರ್ಷದಿಂದ ಮೌಖಿಕ ಪರೀಕ್ಷೆ ನಡೆಸುತ್ತಿರುವ ನನಗೆ ಈ 'ಗೊತ್ತಿಲ್ಲ'ದ ಬೆಲೆ ಗೊತ್ತು. ನೂರಕ್ಕೆ ತೊಂಬತ್ತು ಹುಡುಗರು ಗೊತ್ತಿಲ್ಲದ ಕವಿಗೆ ಕಾಲ, ಸ್ಥಳ, ರಾಜಾಶ್ರಯ ಎಲ್ಲವನ್ನೂ ನಿಂತಲ್ಲೇ ಕೊಟ್ಟು ಧಾರಾಳಿಗಳಾಗುತ್ತಾರೆ. ಯಾರೋ ಒಬ್ಬ ಹುಡುಗಿ ನೆಲ ನೋಡುತ್ತ "ಗೊತ್ತಿಲ್ಲ ಸರ್" ಎನ್ನುತ್ತಾಳೆ. ನಮ್ಮ ಅಂಕದ ಪಟ್ಟಿಯಲ್ಲಿ ಅದಕ್ಕೊಂದು ಅಂಕಣವಿಲ್ಲ; ಇರಬೇಕಿತ್ತು.

ಕಾರನ್ನು ಮೊದಲು ಕಂಪನಿಯ ಕಾರ್ಯಾಗಾರಕ್ಕೆ ಒಯ್ದೆ. ಇಸ್ತ್ರಿ ಮುರಿಯದ ಅಂಗಿ ತೊಟ್ಟ ತರುಣನೊಬ್ಬ ಚಾಲಕನ ಮಂಡಿಯ ಬಳಿ ಇರುವ ಕುಳಿಗೆ ಯಂತ್ರದ ಬಾಲ ಸಿಕ್ಕಿಸಿ, 'ಬಿ' ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆಯನ್ನು ಓದಿದ. ಕಾರಿನ ರೋಗಗಳಿಗೂ ನಾಲ್ಕು ವರ್ಣಗಳುಂಟೆಂದು ಅಂದು ತಿಳಿಯಿತು: ಎಂಜಿನ್ನಿನವು 'ಪಿ', ಚಕ್ರ ಬ್ರೇಕುಗಳ ಕಡೆಯವು 'ಸಿ', ಒಳಮೈಯವು 'ಬಿ', ಪೆಟ್ಟಿಗೆಗಳು ಪರಸ್ಪರ ಮಾತು ಬಿಟ್ಟರೆ 'ಯು'. ನಮ್ಮದು ಮುಂದಿನ ಎಡಸೀಟಿನ ಹಾಳೆ. ಅದು ಬಿಡಿಯಾಗಿ ಬರುವುದಿಲ್ಲ, ದಿಂಬಿನೊಡನೆ ಅಂಟಿಸಿಯೇ ಬರುತ್ತದೆ, ಮೂರು ವಾರ ಬೇಕು, 31,640 ರೂಪಾಯಿ. ತರುಣ ಈ ಮೊತ್ತವನ್ನು ಹೇಳಿದ ಮೃದುತ್ವವನ್ನು ಕೇಳಿ, ಇವನು ವೈದ್ಯನಾಗಿದ್ದರೆ ಹೆಸರು ಮಾಡುತ್ತಿದ್ದ ಎನ್ನಿಸಿತು. ಮಳೆಗಾಲಕ್ಕೆ ಮುಂಚೆ ಮಹಡಿಯ ಸೋರಿಕೆ ಮುಚ್ಚಿಸಲೆಂದು ನಾವು ಕೂಡಿಟ್ಟಿದ್ದು ಹೆಚ್ಚುಕಡಿಮೆ ಅಷ್ಟೇ ಹಣ.

ಎರಡನೆಯ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಊರ ಹೊರಗೆ ಹುಣಿಸೆಮರದ ಕೆಳಗೆ ಗ್ಯಾರೇಜು ಇಟ್ಟಿರುವ ಮೇಸ್ತ್ರಿಯೊಬ್ಬನಲ್ಲಿಗೆ ಹೋದೆ. ಕೈ ಪಳಗಿದವನು, ಮಾತಿನಲ್ಲಿ ಕಪಟವಿಲ್ಲ. ಸೀಟಿನ ಕೆಳಗೆ ಬಗ್ಗಿ ಹಳದಿ ಬಣ್ಣದ ಕೊಂಡಿಯನ್ನು ಒಮ್ಮೆ ನೋಡಿ, ಮುಟ್ಟದೆ ಮೇಲೆದ್ದ. ಚೀಲಕ್ಕೆ ಸಂಬಂಧಪಟ್ಟ ತಂತಿ ಕೊಂಡಿಗಳಿಗೆಲ್ಲ ಅರಿಸಿನದ ಬಣ್ಣ. ಬ್ಯಾಟರಿಯ ತಂತಿ ಕಳಚಿ ಕೆಲವು ನಿಮಿಷ ಕಾಯದೆ ಅವನ್ನು ಮುಟ್ಟಬಾರದು, ಕಾಯದೆ ಮೀಟರು ಹಿಡಿದರೆ ಚೀಲವೇ ಸಿಡಿದೀತು ಎಂದು ಅವನೇ ಹೇಳಿಕೊಟ್ಟ. ಎಷ್ಟೋ ಸಲ ಸೀಟನ್ನು ಹಿಂದೆಮುಂದೆ ಎಳೆದು ಈ ಕೊಂಡಿ ಸಡಿಲವಾಗಿ ದೀಪ ಹತ್ತುತ್ತದಂತೆ. ಆಗ ಬಿಗಿ ಮಾಡಿದರೆ ಮುಗಿಯಿತು. ಕಾದು, ಕಳಚಿ, ಒರೆಸಿ, ಬಿಗಿದು ನೋಡಿದ. ನಮ್ಮ ಅದೃಷ್ಟ ಅಷ್ಟು ಅಗ್ಗದ್ದಾಗಿರಲಿಲ್ಲ.

"ಹಾಳೆ ಒಳಗೆ ಸೀಳಿದೆ ಸಾರ್. ದಪ್ಪಗಿರೋರು ಕೂತರೆ ಒತ್ತಿ ಸೇರ್ಕೊಳ್ತದೆ, ಸಣ್ಣಗಿರೋರು ಕೂತರೆ ಬಿಟ್ಕೊಳ್ತದೆ" ಎಂದ. ನಮ್ಮ ಮನೆಯಾಕೆ ಹಿಂದಿನ ಸೀಟಿನಲ್ಲಿದ್ದಳು. ಆ ಮೇಸ್ತ್ರಿಯ ವಿಷಯದಲ್ಲಿ ಅವಳ ಅಭಿಪ್ರಾಯ ಅಂದಿನಿಂದ ಬದಲಾಗಿಲ್ಲ.

ಅವನ ಪರಿಹಾರಕ್ಕೆ ಐನೂರು ರೂಪಾಯಿ. ಹಾಳೆಯ ಎರಡು ತಂತಿಗಳನ್ನು ಕತ್ತರಿಸಿ, ನಡುವೆ ಕಾಳುಮೆಣಸಿನಷ್ಟು ದೊಡ್ಡ ರೆಸಿಸ್ಟರ್ ಒಂದನ್ನು ಬೆಸೆದರೆ, ಸೀಟಿನಲ್ಲಿ ಸದಾ ಯಾರೋ ಕುಳಿತಿದ್ದಾರೆಂದು ಪೆಟ್ಟಿಗೆ ನಂಬುತ್ತದೆ, ದೀಪ ಆರುತ್ತದೆ. "ಸದಾ ಕುಳಿತಿದ್ದಾರೆಂದರೆ ಪಟ್ಟಿಯ ಗಂಟೆ ಸದಾ ಹೊಡೆದುಕೊಳ್ಳುವುದಿಲ್ಲವೇ?" ಎಂದೆ. ಅದಕ್ಕೂ ಅವನಲ್ಲಿ ಉತ್ತರವಿತ್ತು. ಪಟ್ಟಿಯ ಬಾಯಿಗೆ ತುರುಕುವ ಸಣ್ಣದೊಂದು ಲೋಹದ ನಾಲಗೆ ಸಿಗುತ್ತದೆ. ಅದನ್ನಿಟ್ಟರೆ ಪಟ್ಟಿ ಹಾಕಿಕೊಂಡಿದ್ದಾರೆಂದು ಕಾರು ತಿಳಿಯುತ್ತದೆ. ನೋಡಿ, ಇಲ್ಲದವರನ್ನು ಇದ್ದಾರೆಂದು ಮೊದಲನೆಯ ಸುಳ್ಳು. ಇಲ್ಲದವರು ಪಟ್ಟಿ ಕಟ್ಟಿಕೊಂಡಿದ್ದಾರೆಂದು ಅದನ್ನು ಕಾಯಲು ಎರಡನೆಯದು. ನಾಳೆ ಅಮ್ಮ ನಿಜವಾಗಿ ಕುಳಿತು ಪಟ್ಟಿ ಮರೆತರೆ, ನೆನಪಿಸಬೇಕಾದ ಗಂಟೆಯ ಬಾಯಲ್ಲಿ ಆ ನಾಲಗೆ. ಕಾರಿಗೆ ಗಾಳಿ ಸೋಕುವುದೆಂದರೆ ಇದಲ್ಲದೆ ಇನ್ನೇನು?

ಇದು ಆ ಮೇಸ್ತ್ರಿಯೊಬ್ಬನ ಚಾತುರ್ಯವೆಂದು ಭಾವಿಸಬೇಡಿ. ಆ ಲೋಹದ ನಾಲಗೆಗಳನ್ನು ಅಂತರ್ಜಾಲದ ದೊಡ್ಡ ದೊಡ್ಡ ಅಂಗಡಿಗಳೇ ರಾಜಾರೋಷವಾಗಿ ಮಾರುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಅಂಗಡಿಗಳಿಗೆ ಆಜ್ಞೆ ಮಾಡಿ ಅವನ್ನು ತೆಗೆಸಿತು. ತೆಗೆಸಿದ ಜಾಹೀರಾತುಗಳ ಸಂಖ್ಯೆ 13,118. ಒಂದೊಂದು ಜಾಹೀರಾತಿನ ಹಿಂದೆ ಎಷ್ಟೆಷ್ಟು ಗಿರಾಕಿಗಳೋ! 2021ರಲ್ಲಿ ನಮ್ಮ ದೇಶದಲ್ಲಿ ಪಟ್ಟಿ ಕಟ್ಟದೆ ರಸ್ತೆಯಲ್ಲಿ ಸತ್ತವರು 16,397 ಮಂದಿ. ಅವರಲ್ಲಿ 7,959 ಜನ ಚಾಲಕರಲ್ಲ, ಸುಮ್ಮನೆ ಕುಳಿತು ಬರುತ್ತಿದ್ದವರು. ಪಟ್ಟಿಯನ್ನು ಎಳೆದು ಸಿಕ್ಕಿಸುವುದಕ್ಕೆ ಎರಡು ಸೆಕೆಂಡು ಸಾಕು. ಅದನ್ನು ಉಳಿಸುವುದಕ್ಕಾಗಿ ಹಣ ಕೊಟ್ಟು, ಅಂಚೆಯಲ್ಲಿ ತರಿಸಿ, ದಿನಗಟ್ಟಲೆ ಕಾಯುವ ಜನಕ್ಕೆ ಸೋಮಾರಿಗಳೆಂಬ ಹೆಸರು ಒಪ್ಪುವುದಿಲ್ಲ. ಯಾರೂ ತಮಗೆ ಏನನ್ನೂ ನೆನಪಿಸಬಾರದೆಂಬ ಹಟ ಅದು. ಹಳೆಯ ಕಾರು ಕೊಳ್ಳುವವರಿಗೂ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕೀಲಿ ತಿರುಗಿಸಿದಾಗ ಈ ಕೆಂಪು ದೀಪ ಆರುತ್ತದೆಯೇ ಎಂದಷ್ಟೇ ನೋಡಬೇಡಿ, ಮೊದಲು ಹತ್ತುತ್ತದೆಯೇ ನೋಡಿ, ಬಲ್ಬನ್ನೇ ಕಿತ್ತವರುಂಟು. ಇನ್ನೂ ಜಾಣರು ಅದರ ತಂತಿಯನ್ನು ಬೇರೊಂದು ದೀಪಕ್ಕೆ ಗಂಟುಹಾಕಿ, ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವಂತೆ ಮಾಡುತ್ತಾರಂತೆ. ಅವು ಒಂದಾದ ಮೇಲೆ ಒಂದು ಆರಬೇಕು.

ನಮ್ಮ ನೆರೆಯವರೊಬ್ಬರು ನಿವೃತ್ತ ಅಧಿಕಾರಿಗಳು, ತರ್ಕದಲ್ಲಿ ಗಟ್ಟಿಗರು. "ಇಪ್ಪತ್ತು ವರ್ಷ ಏರ್‌ಬ್ಯಾಗೇ ಇಲ್ಲದ ಕಾರಿನಲ್ಲಿ ನಿಮ್ಮ ತಾಯಿಯನ್ನೂ ಕೂರಿಸಿಕೊಂಡು ಓಡಾಡಲಿಲ್ಲವೇ? ಇಲ್ಲವೆಂದುಕೊಂಡರಾಯಿತು" ಎಂದರು. ಈ ಮಾತಿಗೆ ತಟ್ಟನೆ ಉತ್ತರ ತೋಚಲಿಲ್ಲ. ರಾತ್ರಿ ಹಾಸಿಗೆಯಲ್ಲಿ ತೋಚಿತು, ಉತ್ತರಗಳ ವಾಡಿಕೆಯೇ ಅದು. ಬಾಗಿಲೇ ಇಲ್ಲದ ಗೋಡೆಯನ್ನು ನಂಬಿ ಮಲಗಬಹುದು. ಚಿಲಕ ಹಾಕಿದೆಯೋ ಇಲ್ಲವೋ ತಿಳಿಯದ ಬಾಗಿಲಿನ ಮನೆಯಲ್ಲಿ ನಿದ್ದೆ ಬಾರದು. ಹಳೆಯ ಕಾರು ಮಾತು ಕೊಟ್ಟಿರಲಿಲ್ಲ. ಇದು ಕೊಟ್ಟಿದೆ, ಮತ್ತು ನಡೆಸುವೆನೋ ಇಲ್ಲವೋ ಎಂದು ಅದೇ ಸಂಶಯಪಡುತ್ತಿದೆ. ಜೊತೆಗೆ ಅಮ್ಮನೂ ಇಪ್ಪತ್ತು ವರ್ಷದ ಹಿಂದಿನ ಅಮ್ಮನಲ್ಲ. ಹೋದ ವರ್ಷ ಬಚ್ಚಲಲ್ಲಿ ಸುಮ್ಮನೆ ಕೈಯೂರಿ ಕುಳಿತದ್ದಕ್ಕೆ ಮಣಿಕಟ್ಟು ಮುರಿದಿತ್ತು.

ಕಾರ್ಯಾಗಾರದಲ್ಲಿ ಮುಂಗಡ ಕಟ್ಟಿ ಬಂದೆ. ಮಹಡಿ ಇನ್ನೊಂದು ಮಳೆಗಾಲ ಸೋರಲಿ ಎಂದು ಮನೆಯಲ್ಲಿ ಒಪ್ಪಿಗೆಯಾಯಿತು. ಸೋರುವ ಮೂರು ಜಾಗಕ್ಕೂ ಬಕೆಟ್ಟುಗಳನ್ನು ನಮ್ಮಾಕೆ ಮುಂಚೆಯೇ ಗೊತ್ತುಮಾಡಿಟ್ಟಳು.

ಆ ಮೂರು ವಾರದ ನಡುವೆ ಮೈಸೂರಿಗೆ ಹೋಗುವ ದಿನ ಬಂತು. ಚುಚ್ಚುಮದ್ದನ್ನು ಮುಂದೂಡುವಂತಿಲ್ಲ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಪಟ್ಟಿ ಕಟ್ಟಿ, ಕಾಲಿನ ಕೆಳಗೆ ದಿಂಬಿಟ್ಟೆವು. ಮಂಡಿಯ ನೋವನ್ನು ಅವರು ಹೇಳಿಕೊಳ್ಳಲಿಲ್ಲ. ಆದರೆ ಹಾಸನ ಬಿಟ್ಟವರು ಮಾತೇ ಆಡಲಿಲ್ಲ. ಎಂದೂ ಹಾಗಿಲ್ಲ. ಮುಂದೆ ಕುಳಿತರೆ ಊರೂರಿಗೂ ಒಂದು ಕಥೆಯಿರುತ್ತದೆ: ಹೊಳೆನರಸೀಪುರದಲ್ಲಿ ಸೋದರತ್ತೆಯ ಮದುವೆ, ಭೇರ್ಯದಲ್ಲಿ ಬಸ್ಸು ಕೆಟ್ಟು ರಾತ್ರಿಯೆಲ್ಲ ಯಾರದೋ ಜಗಲಿಯಲ್ಲಿ ಕಳೆದದ್ದು, ಕೃಷ್ಣರಾಜನಗರದಲ್ಲಿ ನನ್ನ ತಂದೆ ಮೊದಲ ಸಂಬಳದಲ್ಲಿ ಕೊಂಡ ಕೊಡೆ. ಅಂದು ಕೃಷ್ಣರಾಜನಗರ ದಾಟಿ ಎಷ್ಟೋ ಹೊತ್ತಾದ ಮೇಲೆ "ಭೇರ್ಯ ಬಂತೇನೋ?" ಎಂದು ಕೇಳಿದರು.

ಆಗ ತಿಳಿಯಿತು. ಕಣ್ಣಿಗೆ ಊರು ಕಾಣುವುದು ನಿಂತು ವರ್ಷಗಳೇ ಆಗಿವೆ. ಮುಂದಿನ ಸೀಟಿನಲ್ಲಿ ಕುಳಿತಾಗ ಅವರು ರಸ್ತೆಯನ್ನು ಮೈಯಿಂದ ಓದುತ್ತಿದ್ದರು: ಇಲ್ಲಿ ಎರಡು ಉಬ್ಬು, ಆಮೇಲೆ ಎಡಕ್ಕೆ ತಿರುವು, ಕಣ್ಣಂಚಿನಲ್ಲಿ ಸರಿದು ಹೋಗುವ ಹಸಿರು ನಿಂತು ಬಿಳಿ ಬಂದರೆ ಊರು. ಹಿಂದಿನ ಸೀಟಿನಲ್ಲಿ ಉಬ್ಬು ತಡವಾಗಿ, ಬೇರೆ ತೆರನಾಗಿ ಮುಟ್ಟುತ್ತದೆ. ನನ್ನ ಬೆನ್ನು ಅಂಚಿನ ನೋಟಕ್ಕೆ ಅಡ್ಡ. "ಹಿಂದೆ ಕೂತರೆ ಊರೆಲ್ಲ ಒಂದೇ ಕಣೋ" ಎಂದರು, ದೂರುವ ದನಿಯಲ್ಲೇನೂ ಅಲ್ಲ. ಹಿಂದೆ ಕೂರುವುದು ಕ್ಷೇಮವೆಂಬ ವಾದವನ್ನು ನಾನು ಮುಂದುವರಿಸಲಿಲ್ಲ. ಕ್ಷೇಮವೆನ್ನುವುದು ನಿಜ, ಪಟ್ಟಿ ಕಟ್ಟಿ ಹಿಂದೆ ಕುಳಿತದ್ದರಿಂದಲೇ ಆ ದಿನ ನಾನು ನಿಶ್ಚಿಂತೆಯಿಂದ ಓಡಿಸಿದೆ. ಆದರೆ ತಿಂಗಳಿಗೆ ಒಂದು ಸಲ ಮನೆ ಬಿಟ್ಟು ಹೊರಬರುವವರಿಗೆ ನೂರಿಪ್ಪತ್ತು ಕಿಲೋಮೀಟರು ಬರಿಯ ಸದ್ದಾಗಬಾರದಲ್ಲ.

ದಿಂಬು ಮೂರು ವಾರವೆಂದದ್ದು ಐದನೆಯ ವಾರಕ್ಕೆ ಬಂತು. ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಯಾಟರಿ ಕಳಚಿ, ಕಾದು, ಸೀಟನ್ನು ಬುಡಸಹಿತ ಎತ್ತಿ, ಹೊದಿಕೆ ಬಿಚ್ಚಿ ಹಳೆಯ ಹಾಳೆಯನ್ನು ಹೊರಗೆಳೆದರು. ಬೆಳಕಿಗೆ ಹಿಡಿದರೆ ಕಂಡಿತು: ಬಾಗಿಲ ಕಡೆಯ ಅಂಚಿನಲ್ಲಿ, ಹಿಂದಿನ ಸೀಟಿನ ಸಾಮಾನು ತೆಗೆಯಲು ಜನ ಮಂಡಿಯೂರುವ ಜಾಗದಲ್ಲಿ, ಕೂದಲಿನಷ್ಟು ಸಣ್ಣ ಬಿರುಕು. ಸೀಟು ಕುಳಿತವರ ಭಾರವನ್ನು ತಡೆಯುತ್ತದೆ. ಒಂದೇ ಕಡೆ ಊರಿದ ಮಂಡಿಯನ್ನು ಈ ಹಾಳೆ ಬಹುಕಾಲ ತಾಳದು. ನೀರು ಚೆಲ್ಲಿದರೂ ಹೀಗೇ ಕೆಡುತ್ತದೆಂದು ಆ ತರುಣ ಹೇಳಿದ. ಹೊಸದನ್ನು ಜೋಡಿಸಿ, ಯಂತ್ರದ ಬಾಲ ಸಿಕ್ಕಿಸಿ, ಪೆಟ್ಟಿಗೆಯ ನೆನಪಿನಲ್ಲಿ ಉಳಿದಿದ್ದ ಹಳೆಯ ದೂರನ್ನು ಅಳಿಸಿದ. ಅಳಿಸದಿದ್ದರೆ ದುರಸ್ತಾದ ಮೇಲೂ ದೀಪ ಕೆಂಪಗೇ ಇರುತ್ತಿತ್ತಂತೆ. ಕೆಲವು ಮನುಷ್ಯರೂ ಹಾಗೆಯೇ, ಅದಿರಲಿ.

ಚೀಲ ಸರಿಯಾಯಿತೆಂದು ಅಮ್ಮನನ್ನು ಹಾಗೆಯೇ ಕೂರಿಸುವಂತಿರಲಿಲ್ಲ. ಅವರಿಗೆ ಸೀಟನ್ನು ಮುಂದೆಳೆದುಕೊಂಡು, ಹಲಗೆಗೆ ಕೈ ತಾಗುವಂತೆ ಕೂರುವ ಅಭ್ಯಾಸ. ಎದೆಗೂ ಚೀಲ ಹೊರಡುವ ಜಾಗಕ್ಕೂ ಕನಿಷ್ಠ 25 ಸೆಂಟಿಮೀಟರು ಅಂತರವಿರಬೇಕು, ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಸೀಟನ್ನು ಹಿಂದಕ್ಕೆ ಸರಿಸಿದೆ. ನಮ್ಮ ಮಗಳ ಶಾಲೆಯ ಅಳತೆಪಟ್ಟಿಯಿಂದ ಅಳೆದೇ ಸರಿಸಿದೆ. ಪಟ್ಟಿ ಕತ್ತಿಗೆ ಉಜ್ಜುತ್ತಿತ್ತು. ಬಾಗಿಲಿನ ಕಂಬದ ಮೇಲಿರುವ ಗುಂಡಿಯೊತ್ತಿ ಅದನ್ನು ಒಂದು ಮೆಟ್ಟಿಲು ಇಳಿಸಿದೆ. ಪಟ್ಟಿ ಸರಿಯಾಗಿ ಕಟ್ಟದಿದ್ದರೆ ಚೀಲದಿಂದ ಅಪಕಾರವೂ ಆದೀತು. ಅದಕ್ಕೆ ಅದನ್ನು ಹುಟ್ಟಿಸಿದವರೇ ಇಟ್ಟಿರುವ ಪೂರ್ತಿ ಹೆಸರಿನಲ್ಲಿ 'ಪೂರಕ' ಎಂಬ ಮಾತಿದೆ. ಮುಖ್ಯ ಕ್ರಿಯಾಪದ ಪಟ್ಟಿ. ಚೀಲ ಬರಿಯ ಕ್ರಿಯಾವಿಶೇಷಣ. ಈ ವಿವರಣೆ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ.

"ಇಷ್ಟು ಹಿಂದೆಯೇ?" ಎಂದು ಅಮ್ಮ ಗೊಣಗಿದರು. ಕೈ ಚಾಚಿ ನೋಡಿದರು, ಹಲಗೆ ಸಿಗಲಿಲ್ಲ. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಷಾಢದ ಗಾಳಿ, ತುಂತುರು ಮಳೆ. ಮನೆಯಲ್ಲಿ ಬಕೆಟ್ಟುಗಳು ಅಷ್ಟರಲ್ಲೇ ಕೆಲಸಕ್ಕೆ ಹಾಜರಾಗಿರಬೇಕು. ಹೊಳೆನರಸೀಪುರದಲ್ಲಿ ಸೋದರತ್ತೆಯ ಮದುವೆ ಶುರುವಾಯಿತು. ಬೀಗರ ಕಡೆಯವರು ಹೋಳಿಗೆಗೆ ತುಪ್ಪ ಸಾಲದೆಂದು ಮುನಿಸಿಕೊಂಡ ಘಟ್ಟಕ್ಕೆ ಬಂದಾಗ ಕಾರು ಮೆಲ್ಲಗೆ ಮೇಲೆದ್ದು ಇಳಿಯಿತು, ಇನ್ನೊಮ್ಮೆ ಎದ್ದು ಇಳಿಯಿತು, ಮತ್ತೂ ಒಮ್ಮೆ. ಅಮ್ಮ ಕಥೆ ನಿಲ್ಲಿಸಿದರು.

"ಭೇರ್ಯ. ಆದರೆ ಇಲ್ಲಿ ಎರಡೇ ಉಬ್ಬು ಇದ್ದದ್ದು."

ನಿಜ. ಮೂರನೆಯದನ್ನು ಆ ವಾರವಷ್ಟೇ ಹಾಕಿದ್ದರು; ಬಿಳಿಯ ಬಣ್ಣ ಕೂಡ ಬಳಿದಿರಲಿಲ್ಲ.